ಜನಗಣತಿ 2027: ಮೂರನೇ ತಲೆಮಾರಿನ ಮುಂಬೈ ಕನ್ನಡಿಗ ಮಾತೃಭಾಷೆ ಯಾವುದೆಂದು ಬರೆಸಬೇಕು?

ಡೊಂಬಿವಲಿಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಅಜ್ಜ ಕಾರ್ಕಳದ ಕಡೆಯವರು. ಹದಿಮೂರು ಹದಿನಾಲ್ಕರ ವಯಸ್ಸಿಗೆ ಮುಂಬೈಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರು. ಮನೆಮಾತು ತುಳು. ಮಗನಿಗೆ ಬ್ಯಾಂಕ್ ಕೆಲಸ. ಸೊಸೆಯ ಹಿರಿಯರು ಹುಬ್ಬಳ್ಳಿಯವರಾದರೂ ಆಕೆ ಹುಟ್ಟಿ ಬೆಳೆದದ್ದು ಪುಣೆಯಲ್ಲಿ. ಗಂಡ ಹೆಂಡತಿ ಆಡುವುದು ಹಿಂದಿ, ಮರಾಠಿ, ಕನ್ನಡ ಮೂರೂ ಬೆರೆತ ಮಾತು. ಮೊಮ್ಮಗಳು ಇಂಗ್ಲಿಷ್ ಮೀಡಿಯಂ. ಅಮ್ಮ ಅವಳೊಂದಿಗೆ ಹೆಚ್ಚಾಗಿ ಮಾತಾಡಿದ್ದು ಹಿಂದಿಯಲ್ಲಿ. ಅಜ್ಜನ ಜತೆ ಮಾತ್ರ ಅರೆಬರೆ ತುಳು, ಸಂಘದ ಕಾರ್ಯಕ್ರಮಕ್ಕೆ ಹೋದರೆ ಒಂದಿಷ್ಟು ಕನ್ನಡ.

ಈ ಮನೆಗೆ ಗಣತಿದಾರರು ಬಂದು 'ಮಾತೃಭಾಷೆ ಯಾವುದು?' ಎಂದು ಕೇಳಿದರೆ ಮೊಮ್ಮಗಳ ಹೆಸರಿನ ಮುಂದೆ ಏನು ಬರೆಸಬೇಕು? ತುಳು, ಕನ್ನಡ, ಮರಾಠಿ, ಹಿಂದಿ ನಾಲ್ಕಕ್ಕೂ ಈ ಮನೆಯಲ್ಲಿ ಹಕ್ಕುದಾರರಿದ್ದಾರೆ. ಕಾಲಂ ಮಾತ್ರ ಒಂದೇ.

ಇದು ಬರೀ ತಮಾಷೆಯ ಪ್ರಶ್ನೆಯಲ್ಲ. 2021ರಲ್ಲಿ ನಡೆಯಬೇಕಿದ್ದ ಜನಗಣತಿ ಈಗ 2027ರ ಲೆಕ್ಕಕ್ಕೆ ಬಂದಿದೆ. 2025ರ ಜೂನ್ 16ರ ಅಧಿಸೂಚನೆಯ ಪ್ರಕಾರ ಹಿಮಾವೃತ ಪ್ರದೇಶಗಳನ್ನು ಬಿಟ್ಟು ಉಳಿದ ದೇಶಕ್ಕೆ 2027ರ ಮಾರ್ಚ್ 1 ಆಧಾರ ದಿನ. 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಮನೆಪಟ್ಟಿ ಹಂತ, 2027ರ ಫೆಬ್ರವರಿಯಲ್ಲಿ ಜನರ ಎಣಿಕೆ. ಮೊದಲ ಬಾರಿಗೆ ಎಲ್ಲವೂ ಡಿಜಿಟಲ್. 2025ರ ಏಪ್ರಿಲ್ 30ರಂದು ಕೇಂದ್ರ ಸರ್ಕಾರ ಕೈಗೊಂಡ ತೀರ್ಮಾನದಂತೆ ಎಲ್ಲ ಜಾತಿಗಳ ಎಣಿಕೆಯೂ ಇದರ ಜತೆಗೇ ಆಗಬೇಕು.

ಜಾತಿ ಎಣಿಕೆ ಬಗ್ಗೆ ಸಾಕಷ್ಟು ಚರ್ಚೆಯಾಗಿದೆ, ಮಾತೃಭಾಷೆ ಕಾಲಂ ಬಗ್ಗೆ ಆಗಿಲ್ಲ. ಆದರೆ ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯ ಹೊರನಾಡ ಕನ್ನಡಿಗರ ಮಟ್ಟಿಗೆ ದೇಶದ ದಾಖಲೆಯಲ್ಲಿ 'ನಾವು ಇಲ್ಲಿದ್ದೇವೆ' ಎಂದು ಹೇಳುವುದು ಆ ಒಂದು ಸಾಲು ಮಾತ್ರ.

ಮಾತೃಭಾಷೆ ಅಮ್ಮನದು, ಅಜ್ಜನ ಊರಿನದಲ್ಲ

ಮೊದಲು ನಿಯಮ ಏನೆಂದು ನೋಡೋಣ. 2011ರ ಗಣತಿಯ ಸೂಚನೆಯಂತೆ ಮಾತೃಭಾಷೆ ಎಂದರೆ ಬಾಲ್ಯದಲ್ಲಿ ತಾಯಿ ಆ ವ್ಯಕ್ತಿಯೊಂದಿಗೆ ಆಡಿದ ಭಾಷೆ. ತಾಯಿ ಎಳವೆಯಲ್ಲೇ ತೀರಿಕೊಂಡಿದ್ದರೆ ಬಾಲ್ಯದಲ್ಲಿ ಮನೆಯಲ್ಲಿ ಮುಖ್ಯವಾಗಿ ಆಡುತ್ತಿದ್ದ ಭಾಷೆ. ಒಂದೇ ಮನೆಯಲ್ಲಿ ಒಬ್ಬೊಬ್ಬರ ಮಾತೃಭಾಷೆ ಒಂದೊಂದು ಇರಬಹುದು ಎಂದೂ, ಮನೆಯ ಎಲ್ಲರಿಗೂ ಒಂದೇ ಭಾಷೆ ಎಂದು ಗಣತಿದಾರರು ಊಹಿಸಿಕೊಳ್ಳಬಾರದೆಂದೂ ಸೂಚನೆಯಲ್ಲಿತ್ತು.

ಅಂದರೆ ಈ ಪ್ರಶ್ನೆ ಮೂಲವನ್ನು ಕೇಳುವುದಿಲ್ಲ, ತೊಟ್ಟಿಲ ಮಾತನ್ನು ಕೇಳುತ್ತದೆ. ನಮ್ಮಲ್ಲಿ ಬಹಳಷ್ಟು ಜನ ಉತ್ತರಿಸುವುದು ಬೇರೆಯದೇ ಪ್ರಶ್ನೆಗೆ. 'ನಾವು ಮೂಲತಃ ಉಡುಪಿಯವರು, ಕನ್ನಡ ಬರೆದುಕೊಳ್ಳಿ' ಎನ್ನುವವರಿದ್ದಾರೆ. 'ಈಗೇನು, ಮಕ್ಕಳು ಇಲ್ಲಿಯವರೇ ಆಗಿಬಿಟ್ಟರು, ಮರಾಠಿ ಹಾಕಿ' ಎನ್ನುವವರೂ ಇದ್ದಾರೆ. ಮೊದಲಿನದು ಊರಿನ ಉತ್ತರ, ಎರಡನೆಯದು ಒಗ್ಗಿಕೊಂಡದ್ದರ ಉತ್ತರ. ಗಣತಿ ಕೇಳಿದ್ದು ಎರಡನ್ನೂ ಅಲ್ಲ.

ಉಳಿದ ಕಾಲಂಗಳು ಈ ಮೊಮ್ಮಗಳ ಬಗ್ಗೆ ಏನು ಹೇಳುತ್ತವೆ? ಹುಟ್ಟಿದ್ದು, ಬೆಳೆದದ್ದು ಎರಡೂ ಡೊಂಬಿವಲಿಯಲ್ಲಾದ್ದರಿಂದ ವಲಸೆಯ ಲೆಕ್ಕದಲ್ಲಿ ಅವಳಿಲ್ಲ. 2011ರಲ್ಲಿ ದೇಶದ ಸುಮಾರು 45 ಕೋಟಿ ಜನ ವಲಸಿಗರೆಂದು ಎಣಿಕೆಯಾದರು. ಅದರಲ್ಲಿ ಅಜ್ಜ ಇರುತ್ತಾರೆ, ಮೊಮ್ಮಗಳಿಲ್ಲ. 'ನಿಮ್ಮ ಹಿರಿಯರು ಎಲ್ಲಿಯವರು' ಎಂಬ ಪ್ರಶ್ನೆ ನಮ್ಮ ಗಣತಿಯಲ್ಲಿಲ್ಲ. ಹೀಗಾಗಿ ಮೂರನೇ ತಲೆಮಾರಿಗೆ ಬರುವಾಗ ಅಜ್ಜನ ಪ್ರಯಾಣದ ಕುರುಹು ಎರಡೇ ಕಡೆ ಉಳಿಯುತ್ತದೆ. ಒಂದು ಭಾಷೆ, ಇನ್ನೊಂದು ಜಾತಿ. ವಿಚಿತ್ರವೆಂದರೆ ಭಾಷೆಯ ಕಾಲಂ ತಾಯಿಯ ಹಿಂದೆ ಹೋಗುತ್ತದೆ, ಜಾತಿಯನ್ನು ನಮ್ಮ ಸಮಾಜ ತಂದೆಯ ಹಿಂದೆ ಒಯ್ಯುತ್ತದೆ. ಒಂದೇ ಹುಡುಗಿಯ ಹೆಸರಿನ ಮುಂದೆ ಎರಡು ವಂಶಾವಳಿ.

ಅಂಕಿಗಳು ಏನು ಹೇಳುತ್ತವೆ?

2001ರಲ್ಲಿ ದೇಶದಲ್ಲಿ ಕನ್ನಡ ಮಾತೃಭಾಷೆ ಎಂದವರು 3.79 ಕೋಟಿ. 2011ರಲ್ಲಿ 4.37 ಕೋಟಿ. ಸಂಖ್ಯೆ ಏರಿದರೂ ದೇಶದ ಜನಸಂಖ್ಯೆಯಲ್ಲಿ ಕನ್ನಡದ ಪಾಲು ಶೇ 3.69ರಿಂದ ಶೇ 3.61ಕ್ಕೆ ಇಳಿಯಿತು.

ಮಹಾರಾಷ್ಟ್ರದ ಚಿತ್ರ ಇನ್ನೂ ಸ್ಪಷ್ಟ. 2001ರಲ್ಲಿ ಅಲ್ಲಿ ಕನ್ನಡ ಎಂದು ಬರೆಸಿದವರು ಹನ್ನೆರಡೂವರೆ ಲಕ್ಷದ ಆಸುಪಾಸು. 2011ರಲ್ಲಿ ಸುಮಾರು 10 ಲಕ್ಷ. ರಾಜ್ಯದ ಜನಸಂಖ್ಯೆ ಏರಿದ ಹತ್ತು ವರ್ಷಗಳಲ್ಲೇ ಕನ್ನಡದವರ ಸಂಖ್ಯೆ ಇಳಿದಿದೆ. ಇವರೆಲ್ಲರೂ ಮುಂಬೈ, ಪುಣೆಗೆ ವಲಸೆ ಹೋದವರಲ್ಲ ಎನ್ನುವುದನ್ನೂ ನೆನಪಿಡಬೇಕು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಕನ್ನಡಿಗರು ಎಲ್ಲಿಂದಲೋ ಬಂದವರಲ್ಲ, ಅಲ್ಲಿಯವರೇ. ಹೀಗಾಗಿ ಇಳಿದ ಸಂಖ್ಯೆಯಲ್ಲಿ ಊರಿಗೆ ಮರಳಿದವರೆಷ್ಟು, ಮಕ್ಕಳಿಗೆ ಬೇರೆ ಭಾಷೆ ಬರೆಸಿದವರೆಷ್ಟು ಎಂಬುದನ್ನು ಈ ಅಂಕಿಯೊಂದೇ ಬಿಡಿಸಿ ಹೇಳುವುದಿಲ್ಲ. ದಿಕ್ಕು ಯಾವುದೆಂಬುದನ್ನಂತೂ ಹೇಳುತ್ತದೆ.

ಇನ್ನೊಂದು ಅಂಕಿ ನೋಡಿ. 2011ರಲ್ಲಿ ಇಂಗ್ಲಿಷೇ ನಮ್ಮ ಮಾತೃಭಾಷೆ ಎಂದವರು ದೇಶದಲ್ಲಿ ಸುಮಾರು 2.6 ಲಕ್ಷ. ಅವರಲ್ಲಿ 1 ಲಕ್ಷಕ್ಕೂ ಹೆಚ್ಚು ಜನ ಮಹಾರಾಷ್ಟ್ರದಲ್ಲೇ ಇದ್ದರು. ಅಪ್ಪ ಅಮ್ಮ ಬೇರೆ ಬೇರೆ ರಾಜ್ಯಗಳಿಂದ ಬಂದು, ಮನೆಯ ಸಾಮಾನ್ಯ ಭಾಷೆ ಇಂಗ್ಲಿಷ್ ಆದ ಕುಟುಂಬಗಳು ದೊಡ್ಡ ನಗರಗಳಲ್ಲಿ ಎಷ್ಟಿವೆ ಎನ್ನುವುದು ಓದುಗರಿಗೆ ಗೊತ್ತೇ ಇದೆ.

ಅಷ್ಟಕ್ಕೂ ಕನ್ನಡಿಗ ಎಂದರೆ ಯಾರು?

ಮುಂಬೈಯ ಕನ್ನಡ ಸಂಘದ ಸಭೆಯಲ್ಲಿ ನೂರು ಜನ ಕೂತಿದ್ದಾರೆ ಎನ್ನಿ. ಗಣತಿಯ ಕಣ್ಣಿಗೆ ಅವರೆಲ್ಲ ಕನ್ನಡಿಗರಲ್ಲ. ಹೋಟೆಲ್ ಉದ್ಯಮ ಕಟ್ಟಿದವರಲ್ಲಿ ಬಹುಪಾಲು ಜನರ ಮನೆಮಾತು ತುಳು. ಕೊಂಕಣಿಯವರಿದ್ದಾರೆ, ಬ್ಯಾರಿ ಮಾತಾಡುವವರಿದ್ದಾರೆ. 2011ರಲ್ಲಿ ತುಳು ಮಾತೃಭಾಷೆ ಎಂದವರು 18.46 ಲಕ್ಷ, ಕೊಂಕಣಿ ಎಂದವರು 22.56 ಲಕ್ಷ. ಇವು ಕನ್ನಡದ ಲೆಕ್ಕಕ್ಕೆ ಸೇರುವುದಿಲ್ಲ, ಸೇರಬೇಕಾಗಿಯೂ ಇಲ್ಲ. ಕರಾವಳಿಯಿಂದ ಬಂದ ತಲೆಮಾರಿಗೆ ಕನ್ನಡ ಎಂದರೆ ಶಾಲೆಯ ಭಾಷೆ, ಪತ್ರಿಕೆಯ ಭಾಷೆ, ಯಕ್ಷಗಾನದ, ಸಭೆಯ ಭಾಷೆ. ಅಮ್ಮ ಕಲಿಸಿದ್ದಲ್ಲ, ರಾತ್ರಿ ಶಾಲೆ ಕಲಿಸಿದ್ದು. ಆ ಶಾಲೆ ಇಲ್ಲದ ಮೂರನೇ ತಲೆಮಾರಿಗೆ ಕನ್ನಡ ಸಿಗುವ ದಾರಿಯೇ ಮುಚ್ಚಿದಂತಾಗುತ್ತದೆ. ತುಳು ಮನೆಯಲ್ಲಾದರೂ ಒಂದಿಷ್ಟು ಉಳಿದೀತು, ಕನ್ನಡ ಹಾಗೆ ಉಳಿಯುವುದು ಕಷ್ಟ.

ತಮಿಳುನಾಡಿನಲ್ಲಿ ಇದರ ತದ್ವಿರುದ್ಧ. ಬಡಗರನ್ನೂ ಸೇರಿಸಿ 2011ರಲ್ಲಿ ಅಲ್ಲಿ ಕನ್ನಡದ ಲೆಕ್ಕಕ್ಕೆ ಬಂದವರು ಸುಮಾರು 12.8 ಲಕ್ಷ. ಅವರಲ್ಲಿ ಚೆನ್ನೈನ ಉದ್ಯೋಗಸ್ಥರು ಒಂದು ಪಾಲು ಮಾತ್ರ. ಕೊಯಮತ್ತೂರು, ಸೇಲಂ ಕಡೆಯ ದೇವಾಂಗ ನೇಕಾರರು, ಕಂಬಂ ಕಣಿವೆಯ ಒಕ್ಕಲಿಗರು ಶತಮಾನಗಳ ಹಿಂದೆ ಹೋಗಿ ನೆಲೆಸಿದವರ ವಂಶಸ್ಥರು. ಅನೇಕರಿಗೆ ಕನ್ನಡ ಅಕ್ಷರ ಗೊತ್ತಿಲ್ಲ, ಓದು ಬರಹ ತಮಿಳಿನಲ್ಲಿ. ಆದರೂ ಮನೆಯಲ್ಲಿ ಒಂದು ಬಗೆಯ ಕನ್ನಡ ಇಂದಿಗೂ ನಡೆದುಬಂದಿದೆ. ಇಂಥ ಊರುಗಳಲ್ಲಿ ನಂಟರು, ನೆರೆಹೊರೆ, ಮದುವೆ ಎಲ್ಲವೂ ಒಂದೇ ಸಮುದಾಯದೊಳಗೆ ಇದ್ದುದರಿಂದ ತಾಯಿಯೂ ಅದೇ ಮಾತಿನವಳಾಗಿರುತ್ತಿದ್ದಳು. ಮೂರೇ ತಲೆಮಾರಿನಲ್ಲಿ ಮುಂಬೈ ಫ್ಲ್ಯಾಟಿನಿಂದ ಹೊರಟುಹೋದ ಭಾಷೆ, ಹತ್ತಾರು ತಲೆಮಾರಾದರೂ ನೇಕಾರರ ಬೀದಿಯಲ್ಲಿ ನಿಂತಿತು. ಅಭಿಮಾನ ಅವರಲ್ಲಿ ಹೆಚ್ಚು, ನಮ್ಮಲ್ಲಿ ಕಡಿಮೆ ಎಂದು ಇದಕ್ಕೆ ಅರ್ಥವಲ್ಲ. ಭಾಷೆಗೆ ದಿನವೂ ಕೆಲಸ ಕೊಡುವ ಬೀದಿ ಅವರಿಗಿತ್ತು.

ಕಾಗದ ಕೇಳಿದಾಗ ನೆನಪಾಗುವ ಮೂಲ

ಊರು, ಭಾಷೆ ಮರೆತ ಕುಟುಂಬಗಳಿಗೂ ಮೂಲ ನೆನಪಾಗುವ ಸಂದರ್ಭಗಳಿವೆ. ಮಹಾರಾಷ್ಟ್ರದ ಶಾಲೆ ಬಿಡುವ ಪ್ರಮಾಣಪತ್ರದಲ್ಲಿ ಮಾತೃಭಾಷೆಯ ಕಾಲಂ ಇದೆ. ಹತ್ತನೇ ತರಗತಿ ಮುಗಿದು ಹನ್ನೊಂದನೆಯ ಪ್ರವೇಶ ಶುರುವಾದಾಗ ಅದರ ಬೆಲೆ ತಿಳಿಯುತ್ತದೆ. ಭಾಷಾ ಅಲ್ಪಸಂಖ್ಯಾತ ಸಂಸ್ಥೆಗಳ ಕಾಲೇಜುಗಳಲ್ಲಿ ಅರ್ಧದಷ್ಟು ಸೀಟು ಆ ಸಮುದಾಯದ ಮಕ್ಕಳಿಗೆ ಮೀಸಲು. ಆಗ ಹಳೆಯ ಕಾಗದದಲ್ಲಿ ಕನ್ನಡ ಎಂದಿದೆಯೋ ಮರಾಠಿ ಎಂದಿದೆಯೋ ಎಂದು ಹುಡುಕಾಟ. ಒಂದು ವಾಕ್ಯವನ್ನೂ ಕನ್ನಡದಲ್ಲಿ ಪೂರ್ತಿ ಹೇಳಲಾಗದ ಹುಡುಗ ಆ ಒಂದು ವಾರ ಕನ್ನಡಿಗನಾಗುತ್ತಾನೆ. ಇದನ್ನು ಟೀಕಿಸಬೇಕಿಲ್ಲ, ಅಜ್ಜಂದಿರು ಚಂದಾ ಎತ್ತಿ ಕಟ್ಟಿದ ಸಂಸ್ಥೆಗಳು ಮೊಮ್ಮಕ್ಕಳಿಗೆ ಒದಗಿದರೆ ತಪ್ಪೇನು? ಆದರೆ ಅಷ್ಟಕ್ಕೇ ಮುಗಿದರೆ ಭಾಷೆ ಬರೀ ಸೀಟಿನ ಚೀಟಿಯಾಗುತ್ತದೆ.

ಜಾತಿಯ ಕಾಗದ ಇನ್ನೂ ಕಟ್ಟುನಿಟ್ಟು. ಮಹಾರಾಷ್ಟ್ರದಲ್ಲಿ ಮೀಸಲಾತಿಯ ಸವಲತ್ತು ಬೇಕಾದರೆ ಕುಟುಂಬ ಒಂದು ನಿಗದಿತ ದಿನಕ್ಕೂ ಮೊದಲೇ ಆ ರಾಜ್ಯದಲ್ಲಿ ನೆಲೆಸಿತ್ತು ಎಂದು ತೋರಿಸಬೇಕು. ಪರಿಶಿಷ್ಟ ಜಾತಿಗೆ ಆ ದಿನ 1950ರ ಆಗಸ್ಟ್ 10, ಪರಿಶಿಷ್ಟ ಪಂಗಡಕ್ಕೆ 1950ರ ಸೆಪ್ಟೆಂಬರ್ 6, ಇತರ ಹಿಂದುಳಿದ ವರ್ಗಗಳಿಗೆ 1967ರ ಅಕ್ಟೋಬರ್ 13. ಅಜ್ಜ 1966ರಲ್ಲಿ ಬಂದರೋ 1968ರಲ್ಲಿ ಬಂದರೋ ಎಂಬುದರ ಮೇಲೆ ಮೊಮ್ಮಗಳ ಸೀಟು ನಿಂತಿರುತ್ತದೆ. ಹೋಟೆಲಿನ ಮಹಡಿಯಲ್ಲಿ ಮಲಗಿ ದಿನ ಕಳೆದ ಹುಡುಗನ ಹೆಸರಿನಲ್ಲಿ ಯಾವ ಬಾಡಿಗೆ ರಸೀದಿ, ಯಾವ ರೇಷನ್ ಕಾರ್ಡ್ ಇದ್ದೀತು? ಇರುವುದು ರಾತ್ರಿ ಶಾಲೆಯ ದಾಖಲೆಯೊಂದೇ, ಅದೂ ಶಾಲೆ ಉಳಿದಿದ್ದರೆ.

ಮೂಲ ರಾಜ್ಯದ ಪಟ್ಟಿಯಲ್ಲಿ ಜಾತಿ ಇದ್ದರೂ ಸಾಲದು. 1990ರಲ್ಲಿ ಮರ‍್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಅವರು ತಂದೆಯ ಉದ್ಯೋಗದಿಂದಾಗಿ ಆಂಧ್ರದಿಂದ ಬಾಲ್ಯದಲ್ಲೇ ಮುಂಬೈಗೆ ಬಂದು, ಅಲ್ಲೇ ಓದಿದವರು. ಆಂಧ್ರದಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ ಅವರಿಗೆ ಮುಂಬೈಯಲ್ಲಿ ಆ ಕೋಟಾದಲ್ಲಿ ವೈದ್ಯಕೀಯ ಸೀಟು ಸಿಗಲಿಲ್ಲ. ಪಟ್ಟಿ ಆಯಾ ರಾಜ್ಯಕ್ಕೆ ಸಂಬಂಧಿಸಿದ್ದು, ಗಡಿ ದಾಟಿದರೆ ಆ ಸ್ಥಾನಮಾನ ಜತೆಗೆ ಬರುವುದಿಲ್ಲ ಎಂಬುದು ತೀರ್ಪಿನ ಸಾರ.

ಒಟ್ಟಿನಲ್ಲಿ ಜಾತಿಗೆ ಅಜ್ಜನ ಕಾಲದಿಂದ ಕಾಗದಗಳ ಸಾಲೇ ಇದೆ. ಈಗ 2027ರ ಗಣತಿ ಇನ್ನೊಂದನ್ನು ಸೇರಿಸಲಿದೆ. ಭಾಷೆಗೆ ಇರುವುದು ಶಾಲೆಯ ಒಂದು ಕಾಲಂ, ಗಣತಿಯ ಒಂದು ಕಾಲಂ. ಮುಂದಿನ ವರದಿಯಲ್ಲಿ ಡೊಂಬಿವಲಿಯ ಮೊಮ್ಮಗಳು ತನ್ನ ಜಾತಿಯ ಹೆಸರಿನಿಂದ ಉಳಿದು, ತನ್ನ ಭಾಷೆಯ ಹೆಸರಿನಿಂದ ಅಳಿಸಿಹೋದರೆ ಆಶ್ಚರ್ಯವಿಲ್ಲ.

ಅಮೆರಿಕದಲ್ಲಿ ಆದದ್ದು

ವಲಸೆಯ ಮೂರನೇ ತಲೆಮಾರಿನ ಬಗ್ಗೆ ಹೆಚ್ಚು ಅಧ್ಯಯನ ನಡೆದದ್ದು ಅಮೆರಿಕದಲ್ಲಿ. ಮಗ ಮರೆಯಲು ಬಯಸಿದ್ದನ್ನು ಮೊಮ್ಮಗ ನೆನೆಯಲು ಬಯಸುತ್ತಾನೆ ಎಂಬರ್ಥದ ಮಾತನ್ನು ಇತಿಹಾಸಕಾರ ಮಾರ್ಕಸ್ ಲೀ ಹ್ಯಾನ್ಸನ್ 1938ರಲ್ಲೇ ಹೇಳಿದ್ದರು. 1979ರಲ್ಲಿ ಸಮಾಜಶಾಸ್ತ್ರಜ್ಞ ಹರ್ಬರ್ಟ್ ಗ್ಯಾನ್ಸ್, ಹೀಗೆ ನೆನೆಯುವುದು ಬಹುತೇಕ ಸಾಂಕೇತಿಕ ಎಂದರು. ಹಬ್ಬ, ಅಡುಗೆ, ಮೆರವಣಿಗೆ ಉಳಿಯುತ್ತವೆ, ದಿನನಿತ್ಯದ ಬದುಕಿನಲ್ಲಿ ಅದರ ಭಾರವಿರುವುದಿಲ್ಲ. ಅಮೆರಿಕದ ಗಣತಿ 1980ರಿಂದ ಪೂರ್ವಜರ ಮೂಲವನ್ನೇ ನೇರವಾಗಿ ಕೇಳತೊಡಗಿತು. ಜರ್ಮನ್ ಭಾಷೆಯ ಒಂದು ಪದವೂ ಗೊತ್ತಿಲ್ಲದ ಕೋಟ್ಯಂತರ ಜನ ಅಲ್ಲಿ 'ಜರ್ಮನ್ ಮೂಲ' ಎಂದು ಬರೆಸುತ್ತಾರೆ. ಮನೆಯಲ್ಲಿ ಆಡುವ ಭಾಷೆ ಅಲ್ಲಿ ಬೇರೆಯೇ ಪ್ರಶ್ನೆ.

ನಮ್ಮಲ್ಲಿ ಎರಡು ಪ್ರಶ್ನೆಗಳಿಲ್ಲ. ಹೀಗಾಗಿ ಮೂಲದ ಅಭಿಮಾನವನ್ನೆಲ್ಲ ಮಾತೃಭಾಷೆ ಕಾಲಂ ಒಂದೇ ಹೊರಬೇಕಾಗಿದೆ.

ಅಭಿಮಾನಕ್ಕೆ ಬರೆಸಿದರೆ?

ಹಾಗಾದರೆ ಎಲ್ಲರೂ ಕಣ್ಣುಮುಚ್ಚಿ ಕನ್ನಡ ಎಂದು ಬರೆಸಿಬಿಡಬಹುದಲ್ಲ ಎಂಬ ವಾದವಿದೆ. ಸಂಘಗಳ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಇಂಥ ಕರೆ ಬಂದರೂ ಬರಬಹುದು. ಇದರಲ್ಲಿ ಅಪಾಯವಿದೆ.

ಪಂಜಾಬಿನ ಉದಾಹರಣೆ ಕಣ್ಣೆದುರಿಗಿದೆ. ಸ್ವಾತಂತ್ರ್ಯದ ನಂತರದ ಗಣತಿಗಳಲ್ಲಿ ಮನೆಯಲ್ಲಿ ಪಂಜಾಬಿಯನ್ನೇ ಆಡುವ ಬಹಳಷ್ಟು ಹಿಂದೂಗಳು ಮಾತೃಭಾಷೆ ಹಿಂದಿ ಎಂದು ಬರೆಸಿದರು. ಭಾಷೆಯ ಲೆಕ್ಕ ಧರ್ಮದ ಲೆಕ್ಕವಾಯಿತು. 1966ರಲ್ಲಿ ಪಂಜಾಬ್ ವಿಭಜನೆಯಾದಾಗಿನ ಗಡಿ ತಕರಾರುಗಳಲ್ಲಿ ಆ ಅಂಕಿಗಳ ನೆರಳಿತ್ತು. 2011ರಲ್ಲಿ ಸಂಸ್ಕೃತ ಮಾತೃಭಾಷೆ ಎಂದವರು 24,821 ಮಂದಿ. ಅವರೆಲ್ಲರಿಗೂ ಅಮ್ಮ ಸಂಸ್ಕೃತದಲ್ಲೇ ಜೋಗುಳ ಹಾಡಿದ್ದರು ಎಂದು ನಂಬುವುದು ಕಷ್ಟ. ಇನ್ನೊಂದು ಕಡೆ, ಭೋಜಪುರಿ ಎಂದು ಬರೆಸಿದ 5 ಕೋಟಿ ಜನರನ್ನು ಗಣತಿ ಇಲಾಖೆ ಹಿಂದಿಯ ಛತ್ರಿಯಡಿ ಕೂಡಿಸಿ ಲೆಕ್ಕ ಹಾಕುತ್ತದೆ. ಬಡಗ ಎಂದು ಬರೆಸಿದ 1.33 ಲಕ್ಷ ಜನರನ್ನು ಕನ್ನಡದಲ್ಲಿ ಸೇರಿಸಿದ್ದೂ ಇದೇ ಪದ್ಧತಿ. ಬರೆಸುವವರ ಅಭಿಮಾನವೂ ಕೂಡಿಸುವವರ ಸೂತ್ರವೂ ಸೇರಿದರೆ ನಿಜವಾಗಿ ಯಾರು ಏನು ಆಡುತ್ತಾರೆ ಎಂಬುದೇ ಮರೆಯಾಗುತ್ತದೆ.

ಕಾನೂನೂ ಇದೆ. 1948ರ ಜನಗಣತಿ ಕಾಯ್ದೆಯಂತೆ ತನಗೆ ತಿಳಿದ ಮಟ್ಟಿಗೆ ನಿಜವನ್ನೇ ಹೇಳುವುದು ಪ್ರತಿಯೊಬ್ಬರ ಕರ್ತವ್ಯ. ಅದೇ ಕಾಯ್ದೆ ವೈಯಕ್ತಿಕ ಮಾಹಿತಿಯನ್ನು ಗೋಪ್ಯವಾಗಿಡುತ್ತದೆ. ಮಹಾರಾಷ್ಟ್ರದಲ್ಲಿ ಭಾಷೆಯ ವಿಚಾರಕ್ಕೆ ಬೀದಿಯಲ್ಲಿ ಗಲಾಟೆಗಳಾದ ದಿನಗಳಲ್ಲಿ 'ಕನ್ನಡ ಎಂದರೆ ತೊಂದರೆಯಾದೀತೇ' ಎಂದು ಅಳುಕುವವರು ಇದನ್ನು ತಿಳಿದಿರಬೇಕು. ನೀವು ಬರೆಸಿದ್ದು ನೆರೆಮನೆಗೂ ಗೊತ್ತಾಗದು, ಪಕ್ಷದ ಕಚೇರಿಗೂ ಗೊತ್ತಾಗದು.

ಮತ್ತೇನು ಮಾಡಬೇಕು?

ಇಲ್ಲಿ ಹೆಚ್ಚಿನವರು ಗಮನಿಸದ ಒಂದು ಸಾಲಿದೆ. 2011ರ ನಮೂನೆಯಲ್ಲಿ ಮಾತೃಭಾಷೆಯ ಮುಂದಿನ ಪ್ರಶ್ನೆಯೇ 'ತಿಳಿದಿರುವ ಇತರ ಭಾಷೆಗಳು'. ಎರಡು ಭಾಷೆಗಳನ್ನು ಬರೆಸಲು ಅವಕಾಶವಿತ್ತು. ನಗರದ ಮನೆಗಳಲ್ಲಿ ಆ ಜಾಗಕ್ಕೆ ಯೋಚನೆಯಿಲ್ಲದೆ ಹಿಂದಿ, ಇಂಗ್ಲಿಷ್ ಬಂದು ಕೂರುತ್ತವೆ. ಡೊಂಬಿವಲಿಯ ಮೊಮ್ಮಗಳ ನಿಜವಾದ ಉತ್ತರಕ್ಕೆ ಜಾಗವಿರುವುದು ಅಲ್ಲೇ. ಅಮ್ಮ ಹಿಂದಿಯಲ್ಲಿ ಮಾತಾಡಿಸಿದ್ದರೆ ಮಾತೃಭಾಷೆ ಹಿಂದಿ. ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಆದರೆ ಅವಳು ಕನ್ನಡವನ್ನೋ ತುಳುವನ್ನೋ ಆಡಬಲ್ಲಳಾದರೆ ಅದು ಎರಡನೇ ಸಾಲಿನಲ್ಲಿ ಬರಲೇಬೇಕು. ಈ ಪ್ರಶ್ನೆ ಈ ಬಾರಿಯೂ ಹಾಗೆಯೇ ಇದ್ದರೆ, ಗಣತಿದಾರರು ಕೇಳದಿದ್ದರೂ ನಾವೇ ಹೇಳಬೇಕು. ಮನೆಯವರೇ ಆನ್‌ಲೈನ್‌ನಲ್ಲಿ ವಿವರ ತುಂಬುವ ಅವಕಾಶ ಈ ಬಾರಿ ಇರುವುದರಿಂದ ಒಂದು ಸಂಜೆ ಎಲ್ಲರೂ ಕೂತು, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಯೋಚಿಸಿ ತುಂಬಬಹುದು. ಬಾಗಿಲು ತೆರೆದವರು ಇಡೀ ಮನೆಯ ಭಾಷೆಯನ್ನು ತೀರ್ಮಾನಿಸುವುದು ತಪ್ಪುತ್ತದೆ.

ಇದರಿಂದ ಯಾರಿಗೆ ಲಾಭ? ಬಹುಶಃ ಆ ಮೊಮ್ಮಗಳಿಗಿಂತ ಹೆಚ್ಚಾಗಿ ಇನ್ನೊಂದು ಮಗುವಿಗೆ. ಮುಂಬೈ ಮಹಾನಗರ ಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡವೂ ಅದರಲ್ಲೊಂದು. ಆ ತರಗತಿಗಳಲ್ಲಿ ಹೋಟೆಲ್ ಮಾಲೀಕರ ಮೊಮ್ಮಕ್ಕಳು ಕೂರುವುದಿಲ್ಲ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು ಕೂರುತ್ತಾರೆ. ಅವರೇ ಇಂದಿನ ಮೊದಲ ತಲೆಮಾರು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಮಕ್ಕಳಿದ್ದರೆ ಶಿಕ್ಷಕರನ್ನು ಕೊಡಬೇಕೆಂಬುದು ರಾಜ್ಯಗಳೇ ಒಪ್ಪಿಕೊಂಡ ಸೂತ್ರ. ಸ್ಥಳೀಯವಾಗಿ ಭಾಷಾ ಅಲ್ಪಸಂಖ್ಯಾತರು ಶೇ 15ರಷ್ಟಿದ್ದರೆ ಮುಖ್ಯ ಸರ್ಕಾರಿ ಪ್ರಕಟಣೆಗಳು ಅವರ ಭಾಷೆಯಲ್ಲೂ ಬರಬೇಕು. ಶಿಕ್ಷಕರನ್ನು ಕೇಳಲು, ಮುಚ್ಚಲು ಹೊರಟ ಶಾಲೆಯನ್ನು ಉಳಿಸಲು ಹೋದಾಗ ಅಧಿಕಾರಿ ಕೇಳುವ ಮೊದಲ ಮಾತು 'ನೀವು ಎಷ್ಟು ಜನ ಇದ್ದೀರಿ?' ಎಂದು. 2011ರ ನಂತರ ಅದಕ್ಕೆ ಹೊಸ ಉತ್ತರವೇ ಇಲ್ಲ.

ನಾವು ಮಹಾರಾಷ್ಟ್ರದಲ್ಲಿ, ತಮಿಳುನಾಡಿನಲ್ಲಿ ನಮಗಾಗಿ ಕೇಳುವುದನ್ನೇ ಬೆಂಗಳೂರಿನ ತಮಿಳು, ತೆಲುಗು ಮನೆಗಳು, ಬೆಳಗಾವಿಯ ಮರಾಠಿ ಮನೆಗಳೂ ಕೇಳುತ್ತವೆ. ಡೊಂಬಿವಲಿಯಲ್ಲಿ ಮಾತೃಭಾಷೆ ಕನ್ನಡ ಎಂದು ಬರೆಸಿದವರು ಮರಾಠಿಯ ವಿರೋಧಿಯಲ್ಲ ಎಂದಾದರೆ, ಅಲ್ಲಿಯವರೂ ಕನ್ನಡದ ವಿರೋಧಿಗಳಲ್ಲ.

ಆ ಅಜ್ಜ ಊರು ಬಿಟ್ಟಾಗ ಯಾವ ಕಾಲಂ ಬಗ್ಗೆಯೂ ಯೋಚಿಸಿರಲಿಲ್ಲ. ಕನ್ನಡ ಅವರಿಗೆ ತಾಯಿ ಕೊಟ್ಟದ್ದಲ್ಲ, ದಿನವಿಡೀ ದುಡಿದು ರಾತ್ರಿ ನಿದ್ದೆಗೆಟ್ಟು ಸಂಪಾದಿಸಿದ್ದು. ಅವರ ಸಾಲಿನಲ್ಲಿ ಮಾತೃಭಾಷೆ ತುಳು ಎಂದೂ, ತಿಳಿದ ಇತರ ಭಾಷೆ ಕನ್ನಡ ಎಂದೂ ಬರುತ್ತದೆ. ಮೊಮ್ಮಗಳ ಸಾಲಿನಲ್ಲಿ ಆ ಎರಡರಲ್ಲಿ ಒಂದಾದರೂ ಸುಳ್ಳಿಲ್ಲದೆ ಉಳಿಯಬೇಕಾದರೆ ಅವಳು ಅದನ್ನು ಆಡುತ್ತಿರಬೇಕು. ಎಣಿಕೆಗೆ ಇನ್ನೂ ಸಮಯವಿದೆ. ಅಜ್ಜನೂ ಮನೆಯಲ್ಲೇ ಇದ್ದಾರೆ.